ಬೊಮ್ಮನಹಾಳಿನ ರೋಗಿ, ದೂರದೂರಿನ ವೈದ್ಯ

ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿರುವ ಬೊಮ್ಮನಹಾಳ್ ಎಂಬ ಊರಿನ ಹೆಸರನ್ನು ಕಾಸರಗೋಡಿನ ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಬಳ್ಳಾರಿಯಿಂದ ತೆಂಕಣಕ್ಕೆ ಹೊರಟವರಿಗೆ ಬಹಳ ಬೇಗನೆ ಎದುರಾಗುವ ಊರು ಅದು. ಹಗರಿ ಹೊಳೆಯ ಮರಳುದಿಬ್ಬಗಳು ಒಂದೆಡೆ, ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ಹರಿಯುವ ಹೊಲಗದ್ದೆಗಳು ಇನ್ನೊಂದೆಡೆ. ಅಲ್ಲಿ ಮನೆಯೊಳಗೆ ಕನ್ನಡ ಆಡುವವರು ಬಹಳ ಮಂದಿ. ಕಚೇರಿಯಲ್ಲಿ ನಡೆಯುವುದು ತೆಲುಗು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಸೇರಿದವು. ಬೊಮ್ಮನಹಾಳ್ ರಾಯದುರ್ಗದೊಡನೆ ಹೋಯಿತು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಆದುದರಿಂದ ಆ ಊರಿನವರ ಕಷ್ಟವನ್ನು ಅರ್ಥ ಮಾಡಿಕೊಳ್ಳಲು ನಮಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಇಂದು ನಾವು ಬರೆಯಹೊರಟಿರುವುದು ಗಡಿಯ ಹಳೆಯ ವ್ಯಾಜ್ಯವನ್ನಲ್ಲ. ಅದನ್ನು ಬರೆದು ಬರೆದು ನಮ್ಮ ಕೈಯೂ ಸೋತಿದೆ, ಓದಿ ಓದಿ ಓದುಗರ ಕಣ್ಣೂ ಸೋತಿದೆ. ಇಂದಿನ ವಿಷಯ ಆಸ್ಪತ್ರೆಯದು. ಅದರಲ್ಲಿಯೂ, ಒಂದು ಊರಿನಲ್ಲಿ ತೆಗೆದ ಕ್ಷ-ಕಿರಣ ಚಿತ್ರವನ್ನೋ ಸ್ಕ್ಯಾನನ್ನೋ ಬೇರೊಂದು ಊರಿನಲ್ಲಿ ಕುಳಿತ ತಜ್ಞವೈದ್ಯರು ನೋಡಿ ವರದಿ ಕಳುಹಿಸುವ ಏರ್ಪಾಡಿನದು. ಟೆಲಿರೇಡಿಯಾಲಜಿ ಎಂದು ಅದರ ಹೆಸರು. ಕಳೆದ ಕೆಲವು ವರ್ಷಗಳಲ್ಲಿ ಇದು ದೊಡ್ಡ ಪಟ್ಟಣಗಳನ್ನು ದಾಟಿ ತಾಲೂಕು ಆಸ್ಪತ್ರೆಗಳ ತನಕ ಬಂದಿದೆ. ರೋಗಿಯ ಕೈಗೆ ಬರುವ ವರದಿಯ ಕೆಳಗಿನ ಸಹಿ ಯಾರದು, ಅವರು ಎಲ್ಲಿರುವವರು, ತನ್ನನ್ನು ನೋಡದೆಯೇ ಇದನ್ನು ಹೇಗೆ ಬರೆದರು ಎಂಬುದು ಹಲವರಿಗೆ ತಿಳಿಯದು. ತಿಳಿಸಿ ಹೇಳುವ ವ್ಯವಧಾನ ಆಸ್ಪತ್ರೆಯವರಿಗೂ ಇರುವುದಿಲ್ಲ.

ಬೊಮ್ಮನಹಾಳ್ ಮಂಡಲದ ಹಳ್ಳಿಯೊಂದರ ರೈತನೊಬ್ಬನಿಗೆ ಬೆಳಗ್ಗೆ ಹೊಲಕ್ಕೆ ಹೊರಟಾಗ ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು ಎಂದಿಟ್ಟುಕೊಳ್ಳೋಣ. ಇದು ಲಕ್ವ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಔಷಧವನ್ನು ಸುಮಾರು ನಾಲ್ಕೂವರೆ ತಾಸುಗಳೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಆದರೆ ರಕ್ತನಾಳ ಒಡೆದು ಒಳಗೆ ರಕ್ತ ಸೋರಿದ್ದರೆ ಅದೇ ಔಷಧ ಪ್ರಾಣ ತೆಗೆದೀತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರ. ಯಾವುದೆಂದು ಹೇಳಲು ತಲೆಯ ಸಿಟಿ ಸ್ಕ್ಯಾನ್ ಆಗಬೇಕು, ಅದನ್ನು ಓದಬಲ್ಲವರು ಬೇಕು. ಯಂತ್ರ ಇದ್ದು ಓದುವವರಿಲ್ಲದಿದ್ದರೆ ಆ ಯಂತ್ರ ಇದ್ದೂ ಇಲ್ಲದಂತೆ. ನಮ್ಮ ದೇಶದಲ್ಲಿ ಯಂತ್ರ ಕೊಳ್ಳುವುದಕ್ಕಿಂತ ಓದುವವರನ್ನು ಹುಡುಕುವುದೇ ಕಷ್ಟ. ರೇಡಿಯಾಲಜಿ ಓದಿದ ವೈದ್ಯರು ದೊಡ್ಡ ಪಟ್ಟಣಗಳಲ್ಲಿ ನೆಲೆಸುತ್ತಾರೆ. ತಾಲೂಕು ಕೇಂದ್ರಕ್ಕೆ ಬಂದು ನಿಲ್ಲುವವರು ಕಡಿಮೆ. ರಾತ್ರಿ ಎರಡು ಗಂಟೆಗೆ ಎದ್ದು ಬರುವವರಂತೂ ಇನ್ನೂ ಕಡಿಮೆ.

ಇಲ್ಲಿಯೇ ಈ ದೂರದ ಓದು ಉಪಯೋಗಕ್ಕೆ ಬರುವುದು. ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಯಾಕೆಂದರೆ ಎಲ್ಲಿ ಎಡವಬಹುದು ಎಂಬುದು ಆ ವಿವರದಲ್ಲಿಯೇ ಇದೆ.

1895ರ ನವೆಂಬರ್‌ನಲ್ಲಿ ಜರ್ಮನಿಯ ರಾಂಟ್ಗೆನ್ ಕ್ಷ-ಕಿರಣವನ್ನು ಕಂಡುಕೊಂಡಂದಿನಿಂದ ಬಹುಕಾಲ ಚಿತ್ರವೆಂದರೆ ಫಿಲ್ಮು. ಅದನ್ನು ಬೆಳಕಿನ ಪೆಟ್ಟಿಗೆಯ ಮುಂದೆ ಹಿಡಿದು ನೋಡಬೇಕಿತ್ತು. ಫಿಲ್ಮು ಇರುವಲ್ಲಿಗೆ ವೈದ್ಯರು ಬರಬೇಕು, ಇಲ್ಲವೇ ಯಾರಾದರೂ ಅದನ್ನು ಬಸ್ಸಿನಲ್ಲಿ ಹೊತ್ತೊಯ್ಯಬೇಕು. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರರ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ಪದರಪದರವಾಗಿ ತೋರಿಸಿತು. ಸಿಟಿ ಸ್ಕ್ಯಾನ್ ಆರಂಭವಾದದ್ದು ಹೀಗೆ. 1979ರಲ್ಲಿ ಅವರಿಗೂ ಕಾರ್ಮ್ಯಾಕ್ ಎಂಬ ವಿಜ್ಞಾನಿಗೂ ನೊಬೆಲ್ ಬಂತು. ಈ ಯಂತ್ರದ ವಿಶೇಷವೆಂದರೆ ಅದು ಮೂಲದಲ್ಲಿ ಚಿತ್ರ ಬರೆಯುವುದೇ ಇಲ್ಲ, ಅಂಕಿಗಳನ್ನು ಬರೆಯುತ್ತದೆ. ಪ್ರತಿ ಪದರವೂ ಸಾಮಾನ್ಯವಾಗಿ ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕೆಗಳ ಚೌಕ. ಒಂದೊಂದು ಚುಕ್ಕೆಗೂ ಒಂದೊಂದು ಅಂಕಿ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕೆಳಗೆ, ಗಟ್ಟಿ ಎಲುಬಿಗೆ ಸಾವಿರದ ಸುಮಾರು ಅಥವಾ ಅದಕ್ಕೂ ಮೇಲೆ. ಆರೋಗ್ಯದ ಮಿದುಳಿನ ಅಂಕಿ ಮೂವತ್ತು ನಲವತ್ತರ ಸುಮಾರು. ಆಗತಾನೇ ಸೋರಿದ ರಕ್ತದ್ದು ಅರವತ್ತರಿಂದ ಎಂಬತ್ತು. ಎರಡು ಸಾವಿರಕ್ಕೂ ಮೀರಿದ ಮಾಪಕದಲ್ಲಿ ಬದುಕು ಸಾವಿನ ಅಂತರ ಈ ಮೂವತ್ತು ನಲವತ್ತು ಅಂಕಗಳಲ್ಲಿ ಅಡಗಿದೆ.

ನಮ್ಮ ಕಣ್ಣು ಕಪ್ಪುಬಿಳುಪಿನ ಅಷ್ಟೊಂದು ಛಾಯೆಗಳನ್ನು ಬೇರ್ಪಡಿಸಿ ಕಾಣಲಾರದು. ಆದುದರಿಂದ ವೈದ್ಯರು ಪರದೆಯ ಮೇಲೆ ಒಂದು ಕಿಂಡಿ ತೆರೆದಂತೆ ಮಾಪಕದ ಒಂದು ತುಂಡನ್ನು ಮಾತ್ರ ಹಿಗ್ಗಿಸಿ ನೋಡುತ್ತಾರೆ. ಮಿದುಳಿಗೆ ಒಂದು ಕಿಂಡಿ, ಎಲುಬಿಗೆ ಇನ್ನೊಂದು, ಶ್ವಾಸಕೋಶಕ್ಕೆ ಮತ್ತೊಂದು. ಅದೇ ಪದರವನ್ನು ಮೂರು ಬಗೆಯಾಗಿ ನೋಡಿದರೆ ಮೂರು ಬೇರೆ ಸಂಗತಿಗಳು ಕಾಣುತ್ತವೆ.

ಇಷ್ಟನ್ನು ಯಾಕೆ ಹೇಳಿದೆವೆಂದರೆ, ನಮ್ಮ ಕಡೆಯಲ್ಲಿಯೂ ಆ ಕಡೆಯಲ್ಲಿಯೂ ಸಣ್ಣ ಆಸ್ಪತ್ರೆಗಳಲ್ಲಿ ನಡೆಯುವ ಒಂದು ಅಭ್ಯಾಸವಿದೆ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಪರಿಚಯದ ವೈದ್ಯರಿಗೆ ಕಳುಹಿಸುವುದು. ಕಷ್ಟಕಾಲದಲ್ಲಿ ಅದೂ ಒಂದು ಸಹಾಯವೇ. ಆ ಉತ್ತರದಿಂದ ಬದುಕಿದವರೂ ಇರಬಹುದು. ಆದರೆ ಅದನ್ನು ಟೆಲಿರೇಡಿಯಾಲಜಿ ಎಂದು ಕರೆಯತಕ್ಕದ್ದಲ್ಲ. ಫಿಲ್ಮಿಗೆ ಅಚ್ಚಾದ ಮೇಲೆ ಕಿಂಡಿ ಮುಚ್ಚಿತು. ನೋಡುವವರು ಅದನ್ನು ಹಿಗ್ಗಿಸಲಾರರು, ಬದಲಿಸಲಾರರು, ಮುಂದಿನ ಪದರಕ್ಕೆ ಹೋಗಲಾರರು. ಫೋಟೋ ಮತ್ತಷ್ಟು ಕುಗ್ಗಿ ಹೋಗುತ್ತದೆ. ಕಿಟಕಿಯಾಚೆಯ ತೆಂಗಿನಮರವೂ ಚಿತ್ರದೊಳಗೆ ಬಂದುಬಿಡುವುದುಂಟು! ಸರಿಯಾದ ಏರ್ಪಾಡಿನಲ್ಲಿ ಹೋಗಬೇಕಾದುದು ಆ ಅಂಕಿಗಳೇ, ಒಂದೂ ಕಳೆಯದಂತೆ.

ಅದಕ್ಕೊಂದು ಸಾಮಾನ್ಯ ಭಾಷೆಯೂ ಸಿದ್ಧವಾಗಿದೆ. ಒಬ್ಬೊಬ್ಬ ತಯಾರಕರ ಯಂತ್ರ ಒಂದೊಂದು ಲಿಪಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆಯೂ ಯಂತ್ರ ತಯಾರಕರ ಸಂಘವೂ ಸೇರಿ 1985ರಲ್ಲಿ ಒಂದು ಕಟ್ಟಳೆ ಮಾಡಿದವು. 1993ರಿಂದ ಅದು ಡೈಕಾಮ್ ಎಂಬ ಹೆಸರಿನಲ್ಲಿ ಬಳಕೆಗೆ ಬಂದಿದೆ. ಚಿತ್ರದ ಜತೆಯಲ್ಲಿಯೇ ರೋಗಿಯ ಹೆಸರು, ವಯಸ್ಸು, ಗುರುತಿನ ಸಂಖ್ಯೆ, ತೆಗೆದ ದಿನ, ವೇಳೆ ಎಲ್ಲವೂ ಅದರೊಳಗೆ ಹೆಣೆದುಕೊಂಡಿರುತ್ತವೆ. ನಾಲ್ಕುನೂರು ಪದರಗಳ ಒಂದು ಸ್ಕ್ಯಾನೆಂದರೆ ಸುಮಾರು 200 ಮೆಗಾಬೈಟ್. ಸೆಕೆಂಡಿಗೆ 2 ಮೆಗಾಬಿಟ್ ಸಾಗಿಸುವ ಸಾಧಾರಣ ತಂತಿಯಲ್ಲಿ ಅದು ಹೋಗಿ ತಲುಪಲು ಹದಿಮೂರು ನಿಮಿಷಕ್ಕೂ ಮೇಲೆ ಬೇಕು. ಅಂಕಿ ಕೆಡದಂತೆ ಮಡಚಿ ಕಳುಹಿಸಿದರೆ ಸುಮಾರು ಅರ್ಧದಷ್ಟು ಹೊತ್ತು ಸಾಕಾದೀತು. ಆಚೆ ಕಡೆಯಲ್ಲಿ ಅದು ಸರದಿಯಲ್ಲಿ ನಿಲ್ಲುತ್ತದೆ. ತುರ್ತಿನದು ಎಂದು ಗುರುತು ಹಾಕಿದ್ದರೆ ಮುಂದಕ್ಕೆ ಬರುತ್ತದೆ. ವೈದ್ಯರು ನೋಡಿ ಹೇಳುತ್ತಾರೆ ಅಥವಾ ಬೆರಳಚ್ಚಿಸುತ್ತಾರೆ, ಸಹಿಯಾದ ವರದಿ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಗಾಬರಿಯ ಸಂಗತಿ ಕಂಡರೆ ವರದಿಗೆ ಕಾಯದೆ ದೂರವಾಣಿಯಲ್ಲಿ ತಿಳಿಸತಕ್ಕದ್ದು. ವಿಧಾನ ಇಷ್ಟೇ.

ಈ ವಿದ್ಯೆಯಲ್ಲಿ ನಮ್ಮ ಕನ್ನಡ ನಾಡು ಹಿಂದೆ ಬಿದ್ದದ್ದಲ್ಲ. ಅಮೆರಿಕದಲ್ಲಿ ಓದಿ ಬೆಂಗಳೂರಿಗೆ ಮರಳಿದ ಡಾ. ಅರ್ಜುನ್ ಕಲ್ಯಾಣಪುರ್ ಮತ್ತು ಡಾ. ಸುನೀತಾ ಮಹೇಶ್ವರಿ ದಂಪತಿ 2002ರಲ್ಲಿ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಎಂಬ ಸಂಸ್ಥೆಯನ್ನು ಅಲ್ಲಿ ಆರಂಭಿಸಿದರು. ಅಮೆರಿಕದಲ್ಲಿ ನಡುರಾತ್ರಿಯಾದಾಗ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಹಗಲು. ಅಲ್ಲಿ ಅಪಘಾತದಲ್ಲಿ ಬಿದ್ದವನ ತಲೆಯ ಸ್ಕ್ಯಾನನ್ನು ಇಲ್ಲಿ ನಿದ್ದೆಗಣ್ಣಿಲ್ಲದ ವೈದ್ಯರು ಓದಿ ಹೇಳುವುದು ಆ ಕೆಲಸ. ಆದರೆ ಅಮೆರಿಕದ ಸರಕಾರ ಒಂದು ವಿಷಯದಲ್ಲಿ ಬಿಗಿಯಾಗಿದೆ. ಅಲ್ಲಿ ಓದಿ ಪರವಾನಗಿ ಪಡೆದವರೇ ಓದಬೇಕು. ಹಿರಿಯರಿಗಾಗಿ ಇರುವ ಮೆಡಿಕೇರ್ ಯೋಜನೆಯಿಂದ ದೇಶದ ಹೊರಗೆ ಮಾಡಿದ ಕೆಲಸಕ್ಕೆ ಹಣ ಸಿಗುವುದಿಲ್ಲ. ಆದುದರಿಂದ ಹೊರಗಿನಿಂದ ಹೋಗುವ ವರದಿ ಸಾಮಾನ್ಯವಾಗಿ ತಾತ್ಕಾಲಿಕದ್ದು. ಮರುದಿನ ಅಲ್ಲಿಯ ವೈದ್ಯರು ಇನ್ನೊಮ್ಮೆ ನೋಡಿ ಅಂತಿಮ ವರದಿ ಕೊಡುತ್ತಾರೆ. ಶ್ರೀಮಂತ ದೇಶದ ರೋಗಿಯ ಚಿತ್ರವನ್ನು ಹೀಗೆ ಎರಡು ಜೊತೆ ಕಣ್ಣು ನೋಡುತ್ತದೆ. ರಾಯದುರ್ಗದ ರೋಗಿಯದನ್ನು ಒಂದೇ ಜೊತೆ ನೋಡಿದರೂ ಅದೃಷ್ಟ.

ಬಡವರ ಮಟ್ಟಿಗೂ ಕೆಲಸ ಆಗಲಿಲ್ಲವೆಂದಲ್ಲ. 2000ನೇ ಇಸವಿಯ ಮಾರ್ಚ್‌ನಲ್ಲಿ ಚಿತ್ತೂರು ಜಿಲ್ಲೆಯ ಆರಗೊಂಡ ಎಂಬ ಹಳ್ಳಿಯ ಆಸ್ಪತ್ರೆಯ ದೂರವೈದ್ಯ ಕೇಂದ್ರವನ್ನು ಅಮೆರಿಕದ ಅಧ್ಯಕ್ಷರಾಗಿದ್ದ ಕ್ಲಿಂಟನ್ ಉದ್ಘಾಟಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದರ ಬೆನ್ನಿಗೆ ನಮ್ಮ ಇಸ್ರೋ ಸಂಸ್ಥೆ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಕೇಂದ್ರ ಸರಕಾರ 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಹೊರಡಿಸಿದ ಉಚಿತ ತಪಾಸಣೆಯ ಯೋಜನೆಯಲ್ಲಿ ದೂರದ ಕ್ಷ-ಕಿರಣ ವರದಿಯೂ, ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಟಿ ಸ್ಕ್ಯಾನೂ ಸೇರಿವೆ. ಹಲವು ರಾಜ್ಯಗಳು ಈ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಗೆ ಒಪ್ಪಿಸಿವೆ. ಚಿತ್ರ ಇಲ್ಲಿ, ಓದುವವರು ನೂರಾರು ಮೈಲಿ ದೂರದಲ್ಲಿ.

ಇಲ್ಲಿಯ ತನಕ ನಮಗೆ ಆಕ್ಷೇಪವಿಲ್ಲ. ಓದುವವರೇ ಇಲ್ಲದಿರುವುದಕ್ಕಿಂತ ದೂರದವರಾದರೂ ಓದುವುದು ಮೇಲು. ಹೊಸ ವಿದ್ಯೆ ಬಂದಾಗಲೆಲ್ಲ ಮೂಗು ಮುರಿಯುವ ಚಾಳಿ ನಮ್ಮದಲ್ಲ. ಆದರೆ ಈ ಏರ್ಪಾಡಿನ ಎರಡು ತುದಿಗಳಲ್ಲಿ ಎರಡು ಮನುಷ್ಯರ ಕೆಲಸಗಳಿವೆ. ಚಿತ್ರದೊಡನೆ ರೋಗಿಯ ಕಥೆಯನ್ನು ಬರೆದು ಕಳುಹಿಸುವುದು ಒಂದು, ಬಂದ ವರದಿಯನ್ನು ರೋಗಿಗೆ ತಿಳಿಯಹೇಳುವುದು ಇನ್ನೊಂದು. ಗಡಿನಾಡಿನಲ್ಲಿ ಈ ಎರಡೂ ಭಾಷೆಯ ಕೆಲಸಗಳೇ ಆಗಿವೆ. ಎರಡನ್ನೂ ಯಾರೂ ತಮ್ಮ ಕೆಲಸವೆಂದು ತಿಳಿದಿಲ್ಲ.

ಕಥೆಯ ಮಾತನ್ನೇ ನೋಡಿ. ಚಿತ್ರ ಓದುವ ವೈದ್ಯರು ರೋಗಿಯನ್ನು ಮುಟ್ಟುವುದಿಲ್ಲ, ಕೇಳುವುದಿಲ್ಲ. ಅವರಿಗೆ ಸಿಗುವುದು ಚೀಟಿಯ ಮೇಲಿನ ಒಂದು ಸಾಲು ಮಾತ್ರ. ಬೊಮ್ಮನಹಾಳಿನ ಕಡೆಯ ಅಜ್ಜನೊಬ್ಬ ಬಂದು "ಎಡಗೈ ಜೋಮು ಹಿಡದೈತ್ರಿ" ಎಂದರೆ ಅದು ಒಂದು ರೋಗ. "ಎಡಗೈ ಸ್ವಾಧೀನ ಇಲ್ರಿ" ಎಂದರೆ ಅದು ಇನ್ನೊಂದು. ಮೊದಲನೆಯದಕ್ಕೆ ಕುತ್ತಿಗೆಯ ನರ ಒತ್ತಿದ್ದು ಕಾರಣವಾಗಿರಬಹುದು. ಎರಡನೆಯದಕ್ಕೆ ಮಿದುಳನ್ನೇ ನೋಡಬೇಕಾದೀತು. ಜೋಮಿಗೆ ತೆಲುಗಿನಲ್ಲಿ ತಿಮ್ಮಿರಿ ಎನ್ನುತ್ತಾರೆ. ನಮ್ಮ ಮಲಯಾಳದಲ್ಲಿ ತರಿಪ್ಪ್. ಭಾಷೆ ಬಾರದ ತರುಣ ತಂತ್ರಜ್ಞ, ಸಾಲಿನಲ್ಲಿ ನಲವತ್ತು ಮಂದಿ ನಿಂತಿರುವಾಗ, ಇವೆರಡನ್ನೂ ಸೇರಿಸಿ "ಕೈ ನೋವು" ಎಂದು ಬರೆದು ಮುಂದಕ್ಕೆ ದಾಟಿಸಿದರೆ ಅವನನ್ನು ಪೂರ್ತಿಯಾಗಿ ತಪ್ಪುಗಾರನೆನ್ನಲು ನಮಗೆ ಮನಸ್ಸು ಬಾರದು. ಆದರೆ ಆ ಎರಡು ಶಬ್ದಗಳನ್ನು ಓದಿದ ದೂರದ ವೈದ್ಯರು ನೋಡಬೇಕಾದ ಕಡೆ ನೋಡುವುದೇ ಇಲ್ಲ.

ಲಕ್ವದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ರಕ್ತನಾಳ ಕಟ್ಟಿಕೊಂಡ ಮೊದಲ ಕೆಲವು ತಾಸುಗಳಲ್ಲಿ ಸಿಟಿ ಚಿತ್ರ ಪೂರ್ತಿ ಸಹಜವಾಗಿಯೇ ಕಾಣುವುದುಂಟು. ರಕ್ತ ಸೋರಿಲ್ಲ ಎಂದಷ್ಟೇ ಆಗ ಅದರಿಂದ ತಿಳಿಯುವುದು. ಔಷಧ ಕೊಡಲು ಅದೇ ಬೇಕಾದ ಮಾಹಿತಿ. ಆದರೆ "ದೋಷವಿಲ್ಲ" ಎಂಬ ವರದಿಯನ್ನು ನೋಡಿ ರೋಗವೇ ಇಲ್ಲವೆಂದು ತಿಳಿದು ಮನೆಗೆ ಕಳುಹಿಸಿದರೆ? ಕೈ ಬಿದ್ದುಹೋದದ್ದು ಎಷ್ಟು ಗಂಟೆಗೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ಹೇಳಬೇಕಾದವಳು ಜತೆಯಲ್ಲಿ ಬಂದ ಹೆಂಡತಿ. "ಎಮ್ಮಿ ಹಾಲು ಕರದು ಒಳಗ ಬಂದಾಗ ನೆಟ್ಟಗ ಮಾತಾಡ್ತಿದ್ದ" ಎಂದು ಆಕೆ ಹೇಳಿದರೆ ಅದರಲ್ಲಿ ಗಡಿಯಾರದ ವೇಳೆ ಇದೆ. ಆ ಮಾತನ್ನು ಕೇಳಿ ಗಂಟೆಗೆ ತಿರುಗಿಸಿ ಬರೆದುಕೊಳ್ಳುವವರು ಬೇಕು.

ಇನ್ನು ವರದಿ. ಅದು ಬರುವುದು ಇಂಗ್ಲಿಷಿನಲ್ಲಿ, ಅದೂ ವೈದ್ಯರ ಇಂಗ್ಲಿಷಿನಲ್ಲಿ. ಊರಿನ ವೈದ್ಯರು ಅದನ್ನು ತೆಲುಗಿನಲ್ಲಿ ಎರಡು ಮಾತಾಗಿ ಹೇಳುತ್ತಾರೆ. ಕೇಳಿದವರು ಬೊಮ್ಮನಹಾಳಿಗೆ ಹೋಗಿ ಮನೆಯವರಿಗೆ ಕನ್ನಡದಲ್ಲಿ ಹೇಳುತ್ತಾರೆ. ಮೂರು ಭಾಷೆ ದಾಟಿ ಬಂದಾಗ "ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಚಿತ್ರ ತೆಗೆಸತಕ್ಕದ್ದು" ಎಂಬ ಸಾಲು ಎಲ್ಲಿಯೋ ಉದುರಿ ಹೋಗಿರುತ್ತದೆ. ಕ್ಷಯವೋ ಗೆಡ್ಡೆಯೋ ಎಂಬ ಸಂದೇಹದ ಎದೆಯ ಚಿತ್ರದಲ್ಲಿ ಆ ಒಂದು ಸಾಲೇ ಮುಖ್ಯವಾದುದು. ಕಾಸರಗೋಡಿನಲ್ಲಿ ತೆಲುಗಿನ ಜಾಗದಲ್ಲಿ ಮಲಯಾಳ ಇಟ್ಟುಕೊಂಡರೆ ಆಯಿತು, ಉಳಿದುದರಲ್ಲಿ ವ್ಯತ್ಯಾಸವಿಲ್ಲ. ನಮ್ಮಲ್ಲಿ ತುಳುವೂ ಬ್ಯಾರಿಯೂ ಕೊಂಕಣಿಯೂ ಮರಾಠಿಯೂ ಇರುವುದರಿಂದ ದಾಟಬೇಕಾದ ಹೊಳೆಗಳು ಇನ್ನೂ ಕೆಲವು ಹೆಚ್ಚೇ.

ವರದಿಯ ಗುಣದ ಬಗ್ಗೆಯೂ ಒಂದು ಮಾತು. ದೂರದ ಓದಿಗೆ ಹಣ ಸಾಮಾನ್ಯವಾಗಿ ಒಂದು ವರದಿಗೆ ಇಷ್ಟು ಎಂಬ ಲೆಕ್ಕದಲ್ಲಿ ಸಲ್ಲುತ್ತದೆ. ಗುತ್ತಿಗೆ ಕಡಿಮೆ ದರಕ್ಕೆ ಹೋದಷ್ಟೂ ಒಂದು ಪಾಳಿಯಲ್ಲಿ ಓದಬೇಕಾದ ಚಿತ್ರಗಳು ಹೆಚ್ಚುತ್ತವೆ. ಆಗ ಸಿದ್ಧಪಡಿಸಿಟ್ಟ ಮಾದರಿ ವರದಿಯಲ್ಲಿ ಅಲ್ಲಲ್ಲಿ ತಿದ್ದಿ ಕಳುಹಿಸುವ ಅಭ್ಯಾಸ ಬೆಳೆಯುತ್ತದೆ. ಓದುಗರೊಬ್ಬರು ನಮ್ಮ ಕಚೇರಿಗೆ ಬಂದು ಒಂದು ವರದಿ ತೋರಿಸಿದ್ದರು. ಅವರ ಪಿತ್ತಕೋಶವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ವರ್ಷಗಳಾಗಿದ್ದವು. ವರದಿಯಲ್ಲಿ ಪಿತ್ತಕೋಶ ಸಹಜವಾಗಿದೆ ಎಂದಿತ್ತು. ಅವರು ನಗುತ್ತಲೇ ಹೇಳಿದರು, ನಾವೂ ನಕ್ಕೆವು. ಹಿಂದಿನ ಶಸ್ತ್ರಚಿಕಿತ್ಸೆಯ ಮಾತನ್ನು ಚೀಟಿಯಲ್ಲಿ ಯಾರೂ ಬರೆದಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಎಡ ಬಲ ತಪ್ಪಿದ್ದರೆ, ಒಂದೇ ಹೆಸರಿನ ಇಬ್ಬರು ಹನುಮಂತಪ್ಪಂದಿರ ಚಿತ್ರ ಅದಲುಬದಲಾಗಿದ್ದರೆ ನಗುವಂತಿರಲಿಲ್ಲ.

ಈಚೆಗೆ ಯಂತ್ರವೇ ಚಿತ್ರ ಓದುವ ಮಾತೂ ಕೇಳಿಬರುತ್ತಿದೆ. ಎದೆಯ ಕ್ಷ-ಕಿರಣದಲ್ಲಿ ಕ್ಷಯದ ಗುರುತು ಹುಡುಕಲು ಗಣಕದ ನೆರವು ಪಡೆಯಬಹುದೆಂದು, 15 ವರ್ಷ ಮತ್ತು ಮೇಲ್ಪಟ್ಟವರ ಮಟ್ಟಿಗೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿದೆ. ಸಾವಿರ ಚಿತ್ರಗಳಲ್ಲಿ ಯಾವುದನ್ನು ಮೊದಲು ನೋಡಬೇಕೆಂದು ಆರಿಸಿಕೊಡಲು ಅದು ಒಳ್ಳೆಯದೇ. ಹೊಣೆ ಹೊರುವ ಸಹಿ ಮಾತ್ರ ಮನುಷ್ಯನದೇ ಇರಬೇಕು. ಅಲ್ಟ್ರಾಸೌಂಡಿನ ವಿಷಯ ಬೇರೆ. ಅಲ್ಲಿ ಕೈಯಲ್ಲಿ ಹಿಡಿದು ಆಡಿಸುತ್ತಲೇ ನೋಡಬೇಕು. ಭ್ರೂಣದ ಲಿಂಗಪತ್ತೆಯನ್ನು ತಡೆಯುವ 1994ರ ಕಾಯಿದೆಯಂತೆ ಯಂತ್ರವೂ ಜಾಗವೂ ನೋಂದಣಿಯಾಗಿರಬೇಕು, ಅರ್ಹ ವೈದ್ಯರು ಅಲ್ಲಿಯೇ ಇರಬೇಕು. ಬಸುರಿ ಹೆಂಗಸರು ಅದಕ್ಕಾಗಿ ಬಸ್ಸು ಹತ್ತುವುದು ತಪ್ಪಿದ್ದಲ್ಲ.

ಬೊಮ್ಮನಹಾಳಿನವರು ಬಸ್ಸು ಹತ್ತುವುದು ಎಲ್ಲಿಗೆ? ಬಳ್ಳಾರಿಗೆ. ಜಿಲ್ಲಾ ಕೇಂದ್ರವಾದ ಅನಂತಪುರ ಬಹಳ ದೂರ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಜನರ ಬಾಯಲ್ಲಿ ಅದು ವಿಮ್ಸ್. ಭಾಷೆಯೂ ಅಲ್ಲಿ ತಡೆಯಲ್ಲ. ಮೂರು ಕಡೆ ಕರ್ನಾಟಕ ಸುತ್ತಿಕೊಂಡಿರುವ ಮಡಕಶಿರದವರಿಗೂ, ಅದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮೇಲೆಯೂ, ಗಡಿಯಾಚೆಯ ತುಮಕೂರು ಜಿಲ್ಲೆಯ ಊರುಗಳೇ ನೆರೆ. ಹೀಗಿರುವಾಗ ಗಡಿ ಎದುರಾಗುವುದು ಕಾಗದದಲ್ಲಿ. ಒಂದು ರಾಜ್ಯದ ಪಡಿತರ ಚೀಟಿಯಿಂದ ಪಕ್ಕದ ರಾಜ್ಯದ ಉಚಿತ ಚಿಕಿತ್ಸೆಯ ಯೋಜನೆಗೆ ಪ್ರವೇಶವಿಲ್ಲ. ಇಲ್ಲಿ ತೆಗೆದ ಸ್ಕ್ಯಾನ್ ಅಲ್ಲಿಗೆ ತಲುಪಿರುವುದಿಲ್ಲವಾದ್ದರಿಂದ ಅಲ್ಲಿ ಪುನಃ ತೆಗೆಯುತ್ತಾರೆ. ಖರ್ಚು ಒಂದು ಕಡೆ ಇರಲಿ. ತಲೆಯ ಒಂದು ಸಿಟಿಯಲ್ಲಿ ಸುಮಾರು 2 ಮಿಲಿಸೀವರ್ಟ್ ವಿಕಿರಣ ಮೈಗೆ ತಾಗುತ್ತದೆ, ಎದೆಯ ಒಂದು ಕ್ಷ-ಕಿರಣಕ್ಕಿಂತ ಎಷ್ಟೋ ಪಾಲು ಹೆಚ್ಚು. ಸುಮ್ಮನೆ ಎರಡು ಸಲ ತಾಗಿಸಿಕೊಳ್ಳುವಂಥದಲ್ಲ ಅದು. ಮಗ್ಗುಲಿನ ಡಿ. ಹಿರೇಹಾಳ್ ಮಂಡಲದ ಓಬುಳಾಪುರದಲ್ಲಿ ಕಬ್ಬಿಣದ ಅದಿರಿಗಾಗಿ ಗಡಿಕಲ್ಲುಗಳೇ ಜರುಗಿದವೆಂಬ ಮಾತು ನ್ಯಾಯಾಲಯಗಳ ತನಕ ಹೋದದ್ದನ್ನು ಓದುಗರು ಬಲ್ಲರು. ರೋಗಿಗಾಗಿ ಮಾತ್ರ ಆ ಕಲ್ಲು ಒಂದು ಗೇಣೂ ಜರುಗುವುದಿಲ್ಲ.

ಕಾನೂನು ಅಡ್ಡ ಬರುತ್ತದೆಯೇ ಎಂದರೆ ಹಾಗೂ ಇಲ್ಲ. 2020ರ ಮಾರ್ಚ್ 25ರಂದು ಕೇಂದ್ರವು ಹೊರಡಿಸಿದ ದೂರವೈದ್ಯದ ಮಾರ್ಗಸೂಚಿಯಲ್ಲಿ, ನೋಂದಾಯಿತ ವೈದ್ಯರು ದೇಶದ ಯಾವುದೇ ಭಾಗದ ರೋಗಿಗೆ ಸಲಹೆ ಕೊಡಬಹುದೆಂದು ಸ್ಪಷ್ಟವಾಗಿ ಬರೆದಿದೆ. ಹೊರರಾಜ್ಯದಲ್ಲಿ ಕುಳಿತ ಖಾಸಗಿ ವೈದ್ಯರು ಆಂಧ್ರದ ಚಿತ್ರ ಓದಬಹುದಾದರೆ ಬಳ್ಳಾರಿಯ ಸರಕಾರಿ ವೈದ್ಯರು ಓದಬಾರದೇಕೆ? ರೋಗಿ ಹೇಗೂ ಅಲ್ಲಿಗೆ ಹೋಗತಕ್ಕವನು. ಅವನಿಗಿಂತ ಮೊದಲು ಅವನ ಚಿತ್ರ ಹೋಗಿ ಅಲ್ಲಿ ಕುಳಿತಿದ್ದರೆ, ಬಾಗಿಲಲ್ಲಿಯೇ ಅವನನ್ನು ಎತ್ತಿಕೊಂಡು ಮುಂದಿನ ಕೆಲಸಕ್ಕೆ ತೊಡಗಬಹುದು. ಸಂದೇಹ ಬಂದರೆ ಆ ವೈದ್ಯರು ಫೋನು ಎತ್ತಿ ರೋಗಿಯ ಮನೆಯವರೊಡನೆ ಕನ್ನಡದಲ್ಲಿಯೇ ಕೇಳಬಹುದು. ಬಳ್ಳಾರಿಯ ವೈದ್ಯರಿಗೆ ಅವರ ಜಿಲ್ಲೆಯ ಕೆಲಸವೇ ತಲೆಮಟ್ಟ ಇದೆ ಎಂಬ ಉತ್ತರ ಬರಬಹುದು, ಅದು ಸುಳ್ಳೂ ಆಗಿರಲಾರದು. ನಡುರಾತ್ರಿಯಲ್ಲಿ ಪಾಳಿಯ ಮೇಲೆ ಹತ್ತಾರು ತಜ್ಞರನ್ನು ಇರಿಸಿಕೊಂಡ ದೊಡ್ಡ ಸಂಸ್ಥೆಯ ಅನುಕೂಲ ಒಂದು ಕಾಲೇಜಿಗೆ ಇಲ್ಲವೆಂಬುದನ್ನೂ ನಾವು ಒಪ್ಪುತ್ತೇವೆ. ಆದುದರಿಂದ ಎಲ್ಲ ಚಿತ್ರವನ್ನೂ ಅಲ್ಲಿಗೇ ಕಳುಹಿಸಿರೆಂದು ನಾವು ಹೇಳುವುದಿಲ್ಲ. ಬಳ್ಳಾರಿಗೆ ಹೋಗಲಿರುವ ರೋಗಿಯ ಚಿತ್ರವಾದರೂ ಅಲ್ಲಿಗೆ ಹೋಗಲಿ. ಮಾಡಿದ ಕೆಲಸಕ್ಕೆ ಆಂಧ್ರ ಸರಕಾರ ಖಾಸಗಿಯವರಿಗೆ ಕೊಡುವ ದರವನ್ನೇ ಕಾಲೇಜಿಗೆ ಕೊಡಲಿ. ಎರಡು ಸರಕಾರಗಳ ಆರೋಗ್ಯ ಕಾರ್ಯದರ್ಶಿಗಳು ಒಂದು ಮೇಜಿನಲ್ಲಿ ಕುಳಿತರೆ ಮುಗಿಯುವ ಕೆಲಸ ಇದು. 2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾದ ಡಿಜಿಟಲ್ ಆರೋಗ್ಯ ಯೋಜನೆಯ 14 ಅಂಕಿಗಳ ಸಂಖ್ಯೆ ಯಾವ ರಾಜ್ಯದ ಸೊತ್ತೂ ಅಲ್ಲ; ರೋಗಿ ಒಪ್ಪಿದರೆ ದಾಖಲೆ ಎಲ್ಲಿ ಬೇಕಾದರೂ ತೆರೆಯಬೇಕೆಂದೇ ಅದನ್ನು ಮಾಡಿದ್ದು. ಅದನ್ನು ಗಡಿಯಲ್ಲಿ ಉಪಯೋಗಿಸದೆ ಇನ್ನೆಲ್ಲಿ ಉಪಯೋಗಿಸಬೇಕು?

ಗಡಿ ಮುಚ್ಚಿದರೆ ಏನಾಗುತ್ತದೆಂದು ಕಾಸರಗೋಡಿನವರಾದ ನಾವು ಕಂಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಭಯದಿಂದ ತಲಪಾಡಿಯಲ್ಲಿ ರಸ್ತೆ ಕಟ್ಟಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಆಂಬುಲೆನ್ಸಿನಲ್ಲಿ ಹಿಂದಿರುಗಿದರು. ಸಕಾಲದಲ್ಲಿ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡದ್ದು ಆಗ ವರದಿಯಾಗಿತ್ತು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸುಪ್ರೀಂ ಕೋರ್ಟಿಗೂ ಹೋಯಿತು. ಮನುಷ್ಯನನ್ನು ತಡೆದ ಮಣ್ಣಿನ ರಾಶಿಗೆ ಚಿತ್ರವನ್ನು ತಡೆಯುವ ಶಕ್ತಿ ಇರಲಿಲ್ಲ. ಆದರೆ ಮಂಗಳೂರಿನ ವೈದ್ಯರಿಗೆ ಚಿತ್ರ ಕಳುಹಿಸಿ ಇಲ್ಲಿಯೇ ಏನು ಮಾಡಬಹುದೆಂದು ಕೇಳುವ ಕ್ರಮಬದ್ಧ ಏರ್ಪಾಡೇ ಆ ದಿನಗಳಲ್ಲಿ ಇದ್ದಂತೆ ಕಾಣಲಿಲ್ಲ. ಪರಿಚಯವಿದ್ದವರು ಪರಿಚಯದವರಿಗೆ ಫೋನು ಮಾಡಿದರು. ಪರಿಚಯವಿಲ್ಲದವರ ಗತಿ?

ಆದುದರಿಂದ ಅನಂತಪುರದ ಆರೋಗ್ಯಾಧಿಕಾರಿಗಳಿಗೂ ಕಾಸರಗೋಡಿನ ಆರೋಗ್ಯಾಧಿಕಾರಿಗಳಿಗೂ ನಮ್ಮ ಮಾತು ಒಂದೇ. ಚಿತ್ರ ತೆಗೆಯುವ ಕೋಣೆಯಲ್ಲಿ ಎರಡು ಭಾಷೆಯ ಅಚ್ಚಾದ ಚೀಟಿ ಇರಲಿ, ಅಲ್ಲಿ ತೆಲುಗು ಕನ್ನಡ, ಇಲ್ಲಿ ಮಲಯಾಳ ಕನ್ನಡ. ಏನು ತೊಂದರೆ, ಯಾವ ಕಡೆಗೆ, ಎಷ್ಟು ಗಂಟೆಯಿಂದ, ಮೊದಲು ಯಾವ ಶಸ್ತ್ರಚಿಕಿತ್ಸೆ ಆಗಿದೆ, ಹೆಂಗಸಾದರೆ ಬಸುರಿಯೇ ಎಂಬ ಪ್ರಶ್ನೆಗಳನ್ನು ಜನರು ಆಡುವ ಮಾತಿನಲ್ಲಿಯೇ ಹಾಕಲಿ. ಜೋಮಿಗೆ ಜೋಮು ಎಂದೇ ಇರಲಿ. ಆಶಾ ಕಾರ್ಯಕರ್ತೆಯರಲ್ಲಿ ಕನ್ನಡ ಬಲ್ಲವರಿದ್ದಾರೆ, ಅವರು ತುಂಬಿಸಿಕೊಡಬಲ್ಲರು. ವರದಿಯಲ್ಲಿ ಓದಿದ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಓದಿದ ವೇಳೆ, ಕರೆ ಮಾಡಬಹುದಾದ ಫೋನ್ ಸಂಖ್ಯೆ ಇಷ್ಟಾದರೂ ಕಾಣಲಿ. ಕೊನೆಗೆ ಎರಡು ಸಾಲು ರೋಗಿಯ ಭಾಷೆಯಲ್ಲಿ ಬರೆದು ಕೊಡಲಿ: ಏನು ಕಂಡಿತು, ಮುಂದೆ ಯಾವಾಗ ಬರಬೇಕು. ಚಿತ್ರದ ಅಂಕಿಗಳ ಪ್ರತಿಯನ್ನು, ಬರಿಯ ಫಿಲ್ಮನ್ನಲ್ಲ, ರೋಗಿಗೆ ಕೊಡುವುದು ಉಪಕಾರವೆಂದು ತಿಳಿಯಬಾರದು.

ಇದಕ್ಕೆ ಹೊಸ ಕಾನೂನು ಬೇಡ. ಒಂದು ತಾಲೂಕಿನಲ್ಲಿ ಶೇಕಡಾ 15ರಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಇರಬೇಕೆಂಬ ಕ್ರಮ ರಾಜ್ಯ ಪುನರ್ವಿಂಗಡಣೆಯ ಕಾಲದಿಂದಲೇ ಒಪ್ಪಿಕೊಂಡದ್ದು. ಮತದಾರರ ಪಟ್ಟಿಗೆ ಒಪ್ಪಿದ ಮಾತು ಮಿದುಳಿನ ಸ್ಕ್ಯಾನಿಗೆ ಒಪ್ಪದೇ? ಅಂಥ ಚೀಟಿಯ ಒಂದು ಕರಡನ್ನು ಮಲಯಾಳ ಕನ್ನಡಗಳಲ್ಲಿ ಸಿದ್ಧಪಡಿಸಿಕೊಡಲು ನಮ್ಮ ಓದುಗರಲ್ಲಿರುವ ವೈದ್ಯರೂ ದಾದಿಯರೂ ಮುಂದೆ ಬಂದರೆ ನಾವು ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿ ಕಾಸರಗೋಡಿನ ಜಿಲ್ಲಾ ವೈದ್ಯಾಧಿಕಾರಿಗಳಿಗೆ ತಲುಪಿಸುತ್ತೇವೆ. ತೆಲುಗು ಕನ್ನಡಗಳ ಕರಡನ್ನು ಮಾಡಬಲ್ಲವರು ರಾಯದುರ್ಗದ ಕಡೆಯ ಕನ್ನಡ ಶಾಲೆಗಳ ಅಧ್ಯಾಪಕರು. ಈ ಸಂಚಿಕೆಯ ಪ್ರತಿಯೊಂದನ್ನು ಅಂಚೆಯಲ್ಲಿ ಬೊಮ್ಮನಹಾಳಿಗೆ ಕಳುಹಿಸುತ್ತಿದ್ದೇವೆ.